ವಿದೇಶದಲ್ಲಿ ಹಣ ಸೋರದಂತೆ: ಕಾರ್ಡು, ನೋಟು, ಎಟಿಎಂ ಬಳಕೆಯ ಸಮಗ್ರ ಮಾರ್ಗದರ್ಶಿ

ಬ್ಯಾಂಕಾಕಿನ ಎಟಿಎಂನಲ್ಲಿ ನಮ್ಮೂರಿನ ಮಾಮೂಲಿ ಡೆಬಿಟ್ ಕಾರ್ಡು ತೂರಿಸಿ 2,000 ಬಾತ್ ತೆಗೆದರೆ ಎಷ್ಟು ಖರ್ಚಾಗುತ್ತದೆ? ಲೆಕ್ಕಕ್ಕೆಂದು ಒಂದು ಬಾತ್‌ಗೆ 2.70 ರೂ. ಎಂದಿಟ್ಟುಕೊಳ್ಳೋಣ. ಕೈಗೆ ಬಂದದ್ದು 5,400 ರೂ. ಬೆಲೆಯ ಹಣ. ಅಲ್ಲಿನ ಬ್ಯಾಂಕು ಹೊರದೇಶದ ಕಾರ್ಡಿಗೆ ಹಾಕುವ ಶುಲ್ಕ 220 ಬಾತ್ ಎಂದಿಟ್ಟುಕೊಂಡರೆ 594 ರೂ. ನಮ್ಮ ಬ್ಯಾಂಕಿನ ಕರೆನ್ಸಿ ಮಾರ್ಕಪ್ (ವಿದೇಶಿ ಹಣದ ಲೆಕ್ಕವನ್ನು ರೂಪಾಯಿಗೆ ಬದಲಿಸುವಾಗ ಹಾಕುವ ಹೆಚ್ಚುವರಿ ಶುಲ್ಕ) ಸಾಮಾನ್ಯವಾಗಿ ಶೇ 3.5, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ ಶೇ 4.13. ಇದು ಆ 220 ಬಾತ್ ಶುಲ್ಕದ ಮೇಲೂ ಬೀಳುತ್ತದೆ. ಹಾಗಾಗಿ ಸುಮಾರು 248 ರೂ. ವಿದೇಶಿ ಎಟಿಎಂ ಬಳಸಿದ್ದಕ್ಕೆ ನಮ್ಮ ಬ್ಯಾಂಕು 125 ರೂ. ತೆಗೆದುಕೊಂಡರೆ ಜಿಎಸ್‌ಟಿ ಸೇರಿ ಇನ್ನೊಂದು 147.50. ಒಟ್ಟು 990 ರೂ. ಹತ್ತಿರ. ತೆಗೆದ ಹಣದ ಶೇ 18ರಷ್ಟು!

ಅದೇ ಕಾರ್ಡಿನಲ್ಲಿ ಒಂದೇ ಸಲಕ್ಕೆ 10,000 ಬಾತ್ ತೆಗೆದರೆ ಖರ್ಚು 1,880 ರೂ. ಆಸುಪಾಸು, ಅಂದರೆ ಶೇ 7. ಮಾರ್ಕಪ್ ಇಲ್ಲದ ಕಾರ್ಡಿನಲ್ಲಿ ತೆಗೆದರೆ 742 ರೂ., ಶೇ 2.7. ಎಲ್ಲಿ ಸೋರುತ್ತಿದೆ ಎನ್ನುವುದು ಈ ಮೂರು ಲೆಕ್ಕದಲ್ಲೇ ಕಾಣುತ್ತದೆ. ಇವತ್ತು ಡಾಲರ್ ಏರಿತೇ ಇಳಿಯಿತೇ ಎಂದು ತಲೆ ಕೆಡಿಸಿಕೊಳ್ಳುವವರು ಬಹಳ ಜನ. ಅದು ನಮ್ಮ ಕೈಯಲ್ಲಿಲ್ಲ. ಯಾವ ಕಾರ್ಡು, ಎಷ್ಟು ಸಲ, ಪರದೆಯ ಮೇಲೆ ಯಾವ ಗುಂಡಿ ಎನ್ನುವುದು ಪೂರ್ತಿ ನಮ್ಮ ಕೈಯಲ್ಲಿದೆ.

ಹೊರಡುವ ಒಂದು ತಿಂಗಳ ಮುಂಚೆ: ಕಾರ್ಡುಗಳ ಜಾತಕ ನೋಡಿ

ಮನೆಯಲ್ಲಿರುವ ಎಲ್ಲ ಕಾರ್ಡುಗಳನ್ನು ಮೇಜಿನ ಮೇಲಿಟ್ಟು ಪ್ರತಿಯೊಂದಕ್ಕೂ ನಾಲ್ಕು ಅಂಕಿ ಬರೆದುಕೊಳ್ಳಿ: ವಿದೇಶಿ ಕರೆನ್ಸಿ ಮಾರ್ಕಪ್ ಎಷ್ಟು, ವಿದೇಶಿ ಎಟಿಎಂನಿಂದ ಹಣ ತೆಗೆದರೆ ಎಷ್ಟು, ಬ್ಯಾಲೆನ್ಸ್ ನೋಡಿದರೆ ಎಷ್ಟು, ವಿದೇಶಿ ವ್ಯಾಪಾರಿಗೆ ರೂಪಾಯಿಯಲ್ಲೇ ಪಾವತಿಸಿದರೆ ಎಷ್ಟು. ಬ್ಯಾಂಕಿನ ಜಾಲತಾಣದಲ್ಲಿರುವ ಶುಲ್ಕಗಳ ಪಟ್ಟಿಯಲ್ಲಿ ಇವು ಸಿಗುತ್ತವೆ. ಜಾಹೀರಾತಿನ ಪುಟ ನೋಡಬೇಡಿ, ಶುಲ್ಕಗಳ ಪಟ್ಟಿಯನ್ನೇ ನೋಡಿ. ಎಷ್ಟೋ ಬ್ಯಾಂಕುಗಳು ಬ್ಯಾಲೆನ್ಸ್ ನೋಡಿದ್ದಕ್ಕೂ, ಹಣ ಸಾಲದೆ ತಿರಸ್ಕೃತವಾದ ಪ್ರಯತ್ನಕ್ಕೂ 25 ರೂ. ಮತ್ತು ಜಿಎಸ್‌ಟಿ ಹಾಕುತ್ತವೆ. ಬ್ಯಾಲೆನ್ಸನ್ನು ಆ್ಯಪ್‌ನಲ್ಲಿ ಪುಕ್ಕಟೆಯಾಗಿ ನೋಡಬಹುದು.

ಮಾರ್ಕಪ್ ಶೇ 3.5 ಇದ್ದರೆ ಆ ಕಾರ್ಡು ಆಪತ್ಕಾಲಕ್ಕೆ ಮಾತ್ರ. ಶೇ 2 ಇದ್ದರೆ ಜಿಎಸ್‌ಟಿ ಸೇರಿ 2.36, ಪರವಾಗಿಲ್ಲ. ಮಾರ್ಕಪ್ಪೇ ಇಲ್ಲದ ಕ್ರೆಡಿಟ್ ಕಾರ್ಡು, ಡೆಬಿಟ್ ಕಾರ್ಡುಗಳು ಈಗ ಹಲವು ಬ್ಯಾಂಕುಗಳಲ್ಲಿವೆ, ವಾರ್ಷಿಕ ಶುಲ್ಕವಿಲ್ಲದವೂ ಸಿಗುತ್ತವೆ. ಪಿಂಚಣಿಯಲ್ಲಿರುವ ಹಿರಿಯರಿಗೆ ಆದಾಯ ಪುರಾವೆಯ ತೊಡಕಿದ್ದರೆ ನಿಶ್ಚಿತ ಠೇವಣಿಯ ಆಧಾರದ ಮೇಲೆ ಕೊಡುವ ಕ್ರೆಡಿಟ್ ಕಾರ್ಡು ಕೇಳಿ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಮೂರು ತಿಂಗಳು ಹೋಗುವ ತಂದೆತಾಯಿಗೆ ಇದು ಬಹಳ ಅನುಕೂಲ. ಕಾರ್ಡು ಮನೆಗೆ ಬಂದು ಚಾಲೂ ಆಗಲು ವಾರಗಳು ಬೇಕು, ಅದಕ್ಕೇ ಒಂದು ತಿಂಗಳು ಮುಂಚೆ ಅಂದದ್ದು.

ಮಾರ್ಕಪ್ ಇಲ್ಲ ಎಂದ ಮಾತ್ರಕ್ಕೆ ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯಬೇಡಿ. ನಗದು ಮುಂಗಡ ಶುಲ್ಕ ಸಾಮಾನ್ಯವಾಗಿ ಶೇ 2.5, ಜೊತೆಗೆ ಕನಿಷ್ಠ ಇಷ್ಟು ನೂರು ರೂಪಾಯಿ ಎಂಬ ಮಿತಿ ಬೇರೆ. ಬಡ್ಡಿಯೂ ಅದೇ ದಿನದಿಂದ ಓಡುತ್ತದೆ. ಕ್ರೆಡಿಟ್ ಕಾರ್ಡು ಅಂಗಡಿಗೆ ಮತ್ತು ಹೋಟೆಲಿಗೆ, ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡು (ವಿದೇಶಿ ಹಣ ಮೊದಲೇ ತುಂಬಿಸಿಕೊಳ್ಳುವ ಕಾರ್ಡು) ಎಟಿಎಂಗೆ. ಈ ಹಂಚಿಕೆ ಮೊದಲೇ ಮಾಡಿಕೊಳ್ಳಿ.

ಒಟ್ಟಿನಲ್ಲಿ ಎರಡು ಬೇರೆ ಬ್ಯಾಂಕಿನ, ಎರಡು ಬೇರೆ ಜಾಲದ ಕಾರ್ಡು ಬೇಕು: ಒಂದು ವೀಸಾ, ಇನ್ನೊಂದು ಮಾಸ್ಟರ್‌ಕಾರ್ಡ್. ಒಂದು ಬ್ಯಾಂಕಿನ ಸರ್ವರ್ ಕೆಟ್ಟು ನಿಂತ ರಾತ್ರಿ ಇನ್ನೊಂದು ಕೈ ಹಿಡಿಯುತ್ತದೆ. ರುಪೇಯ ಅಂತರರಾಷ್ಟ್ರೀಯ ಕಾರ್ಡು ಡಿಸ್ಕವರ್, ಡೈನರ್ಸ್, ಜೆಸಿಬಿ ಮೊದಲಾದ ಪಾಲುದಾರ ಜಾಲಗಳ ಮೂಲಕ ಹೊರದೇಶದಲ್ಲಿ ನಡೆಯುತ್ತದೆ. ಆದರೆ ಎಲ್ಲ ಅಂಗಡಿಯಲ್ಲೂ ಆ ಜಾಲಗಳಿರುವುದಿಲ್ಲ. ಅದೊಂದನ್ನೇ ನಂಬಿ ಹೊರಡಬೇಡಿ.

ಫಾರೆಕ್ಸ್ ಕಾರ್ಡು ಯಾರಿಗೆ ಬೇಕು, ಯಾರಿಗೆ ಬೇಡ

ಮುಂಗಡ ಹಣ ತುಂಬಿಸುವ ಫಾರೆಕ್ಸ್ ಕಾರ್ಡಿನ ಗುಣವೆಂದರೆ ತುಂಬಿದ ದಿನದ ದರವೇ ಕೊನೆಯವರೆಗೂ ನಿಲ್ಲುತ್ತದೆ, ಕಳೆದುಹೋದರೂ ನಿಮ್ಮ ಉಳಿತಾಯ ಖಾತೆಗೆ ಕೈ ಬೀಳುವುದಿಲ್ಲ. ಒಂದೇ ದೇಶ, ಅದೂ ಡಾಲರ್, ಯೂರೋ, ಪೌಂಡ್, ದಿರ್ಹಮ್, ಸಿಂಗಪುರ ಡಾಲರ್‌ನಂಥ ಚಾಲ್ತಿ ಕರೆನ್ಸಿಯ ದೇಶವಾದರೆ ಒಳ್ಳೆಯ ಆಯ್ಕೆ. ಓದಲು ಹೋಗುವ ವಿದ್ಯಾರ್ಥಿಗೂ ಸರಿ.

ತೊಂದರೆ ಶುರುವಾಗುವುದು ಕಾರ್ಡಿನಲ್ಲಿಲ್ಲದ ಕರೆನ್ಸಿಯಲ್ಲಿ ಖರ್ಚು ಮಾಡಿದಾಗ. ವಿಯೆಟ್ನಾಂನ ಡಾಂಗ್, ಇಂಡೋನೇಷ್ಯಾದ ರುಪಯ್ಯಾ ಸಾಮಾನ್ಯವಾಗಿ ಈ ಕಾರ್ಡುಗಳಲ್ಲಿ ಇರುವುದಿಲ್ಲ. ಡಾಲರ್ ತುಂಬಿ ಬಾಲಿಗೆ ಹೋದರೆ ರೂಪಾಯಿಯಿಂದ ಡಾಲರ್‌ಗೆ ಒಮ್ಮೆ, ಡಾಲರ್‌ನಿಂದ ರುಪಯ್ಯಾಗೆ ಇನ್ನೊಮ್ಮೆ ಪರಿವರ್ತನೆ. ಎರಡನೆಯದಕ್ಕೆ ಕ್ರಾಸ್ ಕರೆನ್ಸಿ ಶುಲ್ಕ ಬಹಳ ಕಡೆ ಶೇ 3.5. ಅಲ್ಲಿಗೆ ಕಾರ್ಡು ಮಾಡಿಸಿದ ಉದ್ದೇಶವೇ ನೀರಿಗೆ ಬಿತ್ತು. ಕೊಳ್ಳುವ ಮುಂಚೆ ಇನ್ನೂ ನಾಲ್ಕು ಕೇಳಿ: ಕಾರ್ಡಿನ ಬೆಲೆ, ಮರುಭರ್ತಿ ಶುಲ್ಕ, ಬಳಸದೆ ಇಟ್ಟರೆ ಕಡಿಯುವ ಶುಲ್ಕ, ಉಳಿದ ಹಣ ವಾಪಸ್ ಮಾಡುವಾಗಿನ ದರ. ಕೊನೆಯದನ್ನು ಯಾರೂ ಕೇಳುವುದಿಲ್ಲ. ಬ್ಯಾಂಕು ಮಾರುವಾಗ ಹೆಚ್ಚಿನ ದರ, ವಾಪಸ್ ಕೊಳ್ಳುವಾಗ ಕಡಿಮೆ ದರ, ಹಾಗಾಗಿ ಹೆಚ್ಚು ತುಂಬಿಸಿಕೊಂಡು ಹೋಗಿ ಉಳಿಸಿಕೊಂಡು ಬಂದರೆ ಎರಡೂ ಕಡೆ ನಷ್ಟ. ಅಂದಾಜಿನ ಮುಕ್ಕಾಲು ಭಾಗ ತುಂಬಿಸಿ, ಬೇಕಾದರೆ ಅಲ್ಲಿಂದಲೇ ಆ್ಯಪ್‌ನಲ್ಲಿ ಮರುಭರ್ತಿ ಮಾಡಿ.

ನೋಟು ಕೊಳ್ಳುವುದು

ಪ್ರತಿ ಪ್ರವಾಸಕ್ಕೆ ಒಬ್ಬರು ಗರಿಷ್ಠ 3,000 ಅಮೆರಿಕನ್ ಡಾಲರ್ ಬೆಲೆಯ ವಿದೇಶಿ ನೋಟು ಒಯ್ಯಬಹುದು (ಕೆಲವೇ ದೇಶಗಳಿಗೆ ವಿನಾಯಿತಿ ಇದೆ). ಉಳಿದದ್ದು ಕಾರ್ಡಿನಲ್ಲಿರಬೇಕು. ಇಷ್ಟು ಯಾರಿಗೂ ಬೇಕಾಗುವುದಿಲ್ಲ. ಹತ್ತು ದಿನದ ಪ್ರವಾಸಕ್ಕೆ ಒಬ್ಬರಿಗೆ 200ರಿಂದ 300 ಡಾಲರ್ ಬೆಲೆಯ ನೋಟು ಸಾಕು. ಜಪಾನ್, ಜರ್ಮನಿ, ವಿಯೆಟ್ನಾಂಗಳಲ್ಲಿ ಸಣ್ಣ ಅಂಗಡಿ ಹೋಟೆಲುಗಳು ಇನ್ನೂ ನಗದು ಕೇಳುತ್ತವೆ, ಅಲ್ಲಿಗೆ ತುಸು ಹೆಚ್ಚಿರಲಿ. ಸ್ವೀಡನ್, ನೆದರ್ಲೆಂಡ್ಸ್‌ನಲ್ಲಿ ನೋಟು ಬಿಚ್ಚುವ ಸಂದರ್ಭವೇ ಕಡಿಮೆ.

ಬೆಂಗಳೂರಿನವರಾದರೆ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಜಯನಗರದ ಕಡೆ ರಿಸರ್ವ್ ಬ್ಯಾಂಕ್ ಪರವಾನಗಿ ಇರುವ ಎರಡು ಮೂರು ವಿನಿಮಯ ಕೇಂದ್ರಗಳಿಗೆ ಫೋನು ಮಾಡಿ. ದರ ಎಷ್ಟು ಎಂದು ಕೇಳಬೇಡಿ. ಹೀಗೆ ಕೇಳಿ: "ನನ್ನ ಕೈಗೆ 300 ಡಾಲರ್ ಬರಬೇಕು, ಎಲ್ಲ ಸೇರಿ ಎಷ್ಟು ರೂಪಾಯಿ ಕೊಡಬೇಕು?" ಕಮಿಷನ್ ಇಲ್ಲ ಎಂಬ ಫಲಕದ ಹಿಂದೆ ಲಾಭ ದರದೊಳಗೇ ಕೂತಿರುತ್ತದೆ. ಅಂತರಜಾಲದಲ್ಲಿ ಕಾಣುವ ನಡುದರ 90 ಇದ್ದು ಅಂಗಡಿ 91.80 ಹೇಳಿದರೆ ಅದು ಶೇ 2 ಕಮಿಷನ್ನೇ. ಚಾಲ್ತಿ ಕರೆನ್ಸಿಗೆ ಶೇ 1ರ ಆಸುಪಾಸು ಸಿಕ್ಕರೆ ಒಳ್ಳೆಯ ದರ, ಶೇ 3 ದಾಟಿದರೆ ಮುಂದಿನ ಅಂಗಡಿಗೆ ಹೋಗಿ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ, ದೇವನಹಳ್ಳಿ ತಲುಪಿದ ಮೇಲೆ ಚೌಕಾಸಿಗೆ ಜಾಗವೇ ಇರುವುದಿಲ್ಲ.

ವಿನಿಮಯದ ಮೇಲೆ ಜಿಎಸ್‌ಟಿ ಇದೆ, ಆದರೆ ಪೂರ್ತಿ ಮೊತ್ತದ ಮೇಲಲ್ಲ. 1 ಲಕ್ಷ ರೂ.ವರೆಗೆ ಮೊತ್ತದ ಶೇ 1 ಭಾಗವನ್ನು ಸೇವೆಯ ಬೆಲೆ ಎಂದು ಎಣಿಸಿ ಅದರ ಶೇ 18. ಹಾಗಾಗಿ 1 ಲಕ್ಷಕ್ಕೆ 180 ರೂ., ಕನಿಷ್ಠ 45 ರೂ. ಇದಕ್ಕಿಂತ ಹೆಚ್ಚು ಹಾಕಿದ್ದರೆ ಬಿಲ್ಲಿನಲ್ಲಿ ಬಿಡಿಸಿ ತೋರಿಸಲು ಹೇಳಿ. ಪಾಸ್‌ಪೋರ್ಟ್, ಪ್ಯಾನ್, ವೀಸಾ, ಟಿಕೆಟ್ ಪ್ರತಿ ಬೇಕು. 50,000 ರೂ. ದಾಟಿದ ಖರೀದಿಗೆ ನಗದು ನಡೆಯುವುದಿಲ್ಲ, ಖಾತೆಯಿಂದಲೇ ಪಾವತಿಸಬೇಕು. ಬಿಲ್ಲು ಜೋಪಾನ: ಉಳಿದ ನೋಟು ಮಾರುವಾಗ ಕೇಳುತ್ತಾರೆ.

ನೋಟುಗಳನ್ನು ಎಣಿಸುವಾಗ ಒಂದೊಂದನ್ನೂ ನೋಡಿ. ಆಗ್ನೇಯ ಏಷ್ಯಾ, ಆಫ್ರಿಕಾದ ಬಹಳಷ್ಟು ಕಡೆ ಹಳೆಯ ಮಾದರಿಯ, ಹರಿದ, ಮಸಿ ತಾಗಿದ, ಮುದ್ರೆ ಒತ್ತಿದ ಡಾಲರ್ ನೋಟು ತೆಗೆದುಕೊಳ್ಳುವುದಿಲ್ಲ. 100 ಡಾಲರಿನ ನೋಟಾದರೆ ನೀಲಿ ಪಟ್ಟಿಯ ಹೊಸ ಮಾದರಿಯದನ್ನೇ ಕೇಳಿ ಪಡೆಯಿರಿ. ಬಾಲಿ, ವಿಯೆಟ್ನಾಂಗಳಲ್ಲಿ 100ರ ನೋಟಿಗೆ ಸಿಗುವ ದರ 10, 20ರ ನೋಟಿಗೆ ಸಿಗುವುದಿಲ್ಲ.

ನಮ್ಮ ರೂಪಾಯಿಯನ್ನೇ ಒಯ್ಯಬಹುದೇ? 25,000 ರೂ.ವರೆಗೆ ಒಯ್ಯಲು ಅನುಮತಿಯಿದೆ. ದುಬೈನ ದೇರಾ, ಸಿಂಗಪುರದ ಲಿಟಲ್ ಇಂಡಿಯಾದಲ್ಲಿ ರೂಪಾಯಿ ಸಲೀಸಾಗಿ ಬದಲಾಗುತ್ತದೆ. ಯುರೋಪಿನಲ್ಲಿ ಆ ಭರವಸೆ ಬೇಡ. ನೇಪಾಳ, ಭೂತಾನಕ್ಕೆ ಪ್ರವಾಸಕ್ಕೆಂದು ವಿದೇಶಿ ವಿನಿಮಯ ಕೊಡುವುದೇ ಇಲ್ಲ, ಅಲ್ಲಿ ರೂಪಾಯಿ ನಡೆಯುತ್ತದೆ. ನೇಪಾಳಕ್ಕೆ 100ರ ನೋಟುಗಳೇ ನಿರಾತಂಕ.

ತೆರಿಗೆಯ ವಿಷಯ, ಎರಡೇ ಮಾತಿನಲ್ಲಿ

ಒಬ್ಬ ನಿವಾಸಿ ಆರ್ಥಿಕ ವರ್ಷವೊಂದರಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು, ಖರ್ಚು ಮಾಡಬಹುದು. ಫಾರೆಕ್ಸ್ ಕಾರ್ಡು, ನೋಟು, ಡೆಬಿಟ್ ಕಾರ್ಡಿನ ಖರ್ಚು ಈ ಲೆಕ್ಕಕ್ಕೆ ಬರುತ್ತದೆ, ಹೊರದೇಶದಲ್ಲಿದ್ದಾಗಿನ ಕ್ರೆಡಿಟ್ ಕಾರ್ಡಿನ ಖರ್ಚು ಸದ್ಯಕ್ಕೆ ಬರುವುದಿಲ್ಲ. ವರ್ಷದ ಮೊತ್ತ 10 ಲಕ್ಷ ರೂ. ದಾಟಿದರೆ ಮೀರಿದ ಭಾಗಕ್ಕೆ ಶೇ 20 ಟಿಸಿಎಸ್ (ಹಣ ಕೊಡುವಾಗಲೇ ಮುಂಗಡವಾಗಿ ವಸೂಲು ಮಾಡುವ ತೆರಿಗೆ) ಕಡಿಯುತ್ತಾರೆ. 2025ರ ಮಾರ್ಚ್‌ವರೆಗೆ ಈ ಮಿತಿ 7 ಲಕ್ಷವಿತ್ತು. ಇದು ಕಳೆದುಹೋದ ಹಣವಲ್ಲ, ನಿಮ್ಮ ಪ್ಯಾನ್‌ನಲ್ಲಿ ಜಮೆಯಾಗಿ ರಿಟರ್ನ್ಸ್ ಸಲ್ಲಿಸುವಾಗ ತೆರಿಗೆಗೆ ಹೊಂದಿಕೆಯಾಗುತ್ತದೆ ಅಥವಾ ಮರಳಿ ಬರುತ್ತದೆ. ಆದರೆ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತದೆ. ಮನೆಯವರೆಲ್ಲರ ಖರ್ಚನ್ನು ಒಬ್ಬರ ಹೆಸರಿನಲ್ಲೇ ಮಾಡದೆ ಅವರವರ ಹಣ ಅವರವರ ಖಾತೆಯಿಂದಲೇ ಹೋದರೆ ಮಿತಿ ಮುಟ್ಟುವುದು ಅಪರೂಪ.

ಹೊರಡುವ ವಾರ

1. ಬ್ಯಾಂಕಿನ ಆ್ಯಪ್ ತೆರೆದು ಅಂತರರಾಷ್ಟ್ರೀಯ ಬಳಕೆ ಚಾಲೂ ಮಾಡಿ. 2020ರ ಅಕ್ಟೋಬರ್‌ನಿಂದೀಚೆಗೆ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡುಗಳೆಲ್ಲ ದೇಶದೊಳಗಿನ ಬಳಕೆಗೆ ಮಾತ್ರ ತೆರೆದು ಬರುತ್ತವೆ. ವಿದೇಶದಲ್ಲಿ ಕಾರ್ಡು ನಡೆಯಲಿಲ್ಲ ಎನ್ನುವ ದೂರಿಗೆ ಬಹುಪಾಲು ಇದೇ ಕಾರಣ. ಅಂಗಡಿ ಯಂತ್ರ, ಎಟಿಎಂ, ಆನ್‌ಲೈನ್, ಟ್ಯಾಪ್, ನಾಲ್ಕಕ್ಕೂ ಬೇರೆ ಬೇರೆ ಗುಂಡಿ. ಆನ್‌ಲೈನ್ ಬೇಡವಾದರೆ ಮುಚ್ಚಿಯೇ ಇರಲಿ: ಅನೇಕ ವಿದೇಶಿ ತಾಣಗಳು ಒಟಿಪಿ ಕೇಳದೆಯೇ ಹಣ ಕಡಿಯುತ್ತವೆ.
2. ದಿನದ ಮಿತಿಯನ್ನು ನಿಮ್ಮ ದಿನದ ಅಂದಾಜಿಗಿಂತ ಸ್ವಲ್ಪ ಮೇಲಿಡಿ. ಹೋಟೆಲ್ ಬಿಲ್ಲಿನ ದಿನ ಏರಿಸಿಕೊಳ್ಳಬಹುದು.
3. ಒಟಿಪಿ ಇಮೇಲಿಗೂ ಬರುವಂತೆ ನೋಂದಾಯಿಸಿ. ಸಿಮ್‌ಗೆ ರೋಮಿಂಗ್ ಚಾಲೂ ಇರಲಿ, ಡೇಟಾ ಮಾತ್ರ ಮುಚ್ಚಿ. ಸ್ಥಳೀಯ ಸಿಮ್ ಹಾಕಲು ನಮ್ಮ ಸಿಮ್ ತೆಗೆದು ಪರ್ಸಿನಲ್ಲಿಟ್ಟರೆ ಒಟಿಪಿ ಬರುವುದಿಲ್ಲ. ಎರಡು ಸಿಮ್ಮಿನ ಫೋನು ಅಥವಾ ಇ-ಸಿಮ್ ಈ ತಲೆನೋವು ತಪ್ಪಿಸುತ್ತದೆ.
4. ಬ್ಯಾಂಕಿನ 1800 ಎಂದು ಶುರುವಾಗುವ ಉಚಿತ ಸಂಖ್ಯೆ ಹೊರದೇಶದಿಂದ ಸಾಮಾನ್ಯವಾಗಿ ಸಿಗುವುದಿಲ್ಲ. +91ರಿಂದ ಶುರುವಾಗುವ ಸಂಖ್ಯೆಯನ್ನು ಹುಡುಕಿ ಕಾಗದದಲ್ಲಿ ಬರೆದಿಡಿ.
5. ಊರಿನಲ್ಲೇ ಒಂದು ಎಟಿಎಂನಲ್ಲಿ ಪಿನ್ ಹಾಕಿ ನೋಡಿ. ಹೊಸ ಕಾರ್ಡಿನ ಪಿನ್ ಅನ್ನು ವಿದೇಶದಲ್ಲಿ ಮೊದಲ ಸಲ ಪರೀಕ್ಷಿಸುವುದು ಬೇಡ.

ಒಂದು ಕಾರ್ಡು ಮೈಮೇಲೆ, ಇನ್ನೊಂದು ಕೈಚೀಲದಲ್ಲಿ. ದಂಪತಿಯಾದರೆ ಒಬ್ಬೊಬ್ಬರ ಬಳಿ ಒಂದೊಂದು ಬ್ಯಾಂಕಿನದು.

ಎಟಿಎಂ ಎದುರು ನಿಂತಾಗ

ಬ್ಯಾಂಕಿನ ಕಟ್ಟಡಕ್ಕೇ ಅಂಟಿಕೊಂಡ ಎಟಿಎಂ ಆರಿಸಿ, ಬ್ಯಾಂಕು ತೆರೆದಿರುವ ಹೊತ್ತಾದರೆ ಇನ್ನೂ ಒಳ್ಳೆಯದು. ಕಾರ್ಡು ನುಂಗಿಕೊಂಡರೆ ಒಳಗೆ ಹೋಗಿ ಕೇಳಬಹುದು. ಯುರೋಪಿನ ಪ್ರವಾಸಿ ಬೀದಿಗಳಲ್ಲಿ ಯಾವ ಬ್ಯಾಂಕಿಗೂ ಸೇರದ ಖಾಸಗಿ ಎಟಿಎಂಗಳು ಸಾಲುಗಟ್ಟಿ ನಿಂತಿರುತ್ತವೆ. ಶುಲ್ಕವೂ ಜಾಸ್ತಿ, ಪರಿವರ್ತನೆಯ ಬಲೆಯೂ ಅಲ್ಲೇ ಹೆಚ್ಚು. ಜಪಾನಿನಲ್ಲಿ ಸೆವೆನ್-ಇಲೆವೆನ್ ಅಂಗಡಿಗಳೊಳಗಿನ ಎಟಿಎಂಗಳು ವಿದೇಶಿ ಕಾರ್ಡಿಗೆ ನಂಬಿಕಸ್ಥ.

ಕಾರ್ಡು ತೂರಿಸಿದ ಮೇಲೆ ಭಾಷೆ, ಪಿನ್. ಕೆಲವು ಯಂತ್ರ ಆರು ಅಂಕಿಯ ಪಿನ್‌ಗೆ ಜಾಗ ತೋರಿಸುತ್ತದೆ. ನಿಮ್ಮ ನಾಲ್ಕು ಅಂಕಿ ಒತ್ತಿ ಎಂಟರ್ ಕೊಡಿ. ಖಾತೆಯ ಬಗೆ ಕೇಳಿದರೆ ಡೆಬಿಟ್ ಕಾರ್ಡಿಗೆ ಸೇವಿಂಗ್ಸ್, ಫಾರೆಕ್ಸ್ ಕಾರ್ಡಿಗೆ ಚೆಕಿಂಗ್. ಅದು ಒಪ್ಪದಿದ್ದರೆ ಇನ್ನೊಂದನ್ನು ಆರಿಸಿ, ಆದರೆ ಪಿನ್ ತಪ್ಪಿದೆ ಎಂದು ಎರಡು ಸಲ ಬಂದರೆ ಅಲ್ಲಿಗೇ ನಿಲ್ಲಿಸಿ. ಮೂರನೆಯದಕ್ಕೆ ಕಾರ್ಡು ಬೀಗ ಬೀಳಬಹುದು.

ಮುಂದೆ ಶುಲ್ಕದ ಪರದೆ ಬರುತ್ತದೆ: ಇಷ್ಟು ಬಾತ್ ಅಥವಾ ಇಷ್ಟು ಯೂರೋ ಕಡಿಯುತ್ತೇವೆ, ಒಪ್ಪಿಗೆಯೇ ಎಂದು. ಇದನ್ನು ಒಪ್ಪಲೇಬೇಕು, ಇಲ್ಲವೇ ಬೇರೆ ಬ್ಯಾಂಕಿನ ಯಂತ್ರಕ್ಕೆ ಹೋಗಬೇಕು.

ಅದಾದ ಮೇಲೆ ಬರುವ ಪರದೆಯಲ್ಲಿ ಕಣ್ಣು ನೆಟ್ಟು ಓದಿ. ನಿಮ್ಮ ಮೊತ್ತವನ್ನು ರೂಪಾಯಿಗೆ ಬದಲಾಯಿಸಿ, ಖಚಿತ ದರವೆಂದು ತೋರಿಸಿ, ಪರಿವರ್ತನೆ ಒಪ್ಪುವಿರಾ ಎಂದು ಕೇಳುತ್ತದೆ. ರೂಪಾಯಿ ಕಂಡ ಕೂಡಲೇ ನಮ್ಮ ಮನಸ್ಸಿಗೆ ನೆಮ್ಮದಿ, ಒಪ್ಪಿಬಿಡುತ್ತೇವೆ. ಇದರ ಹೆಸರು ಡೈನಾಮಿಕ್ ಕರೆನ್ಸಿ ಕನ್ವರ್ಷನ್. ಆ ದರವನ್ನು ನಿಗದಿ ಮಾಡುವುದು ವೀಸಾ, ಮಾಸ್ಟರ್‌ಕಾರ್ಡ್ ಅಲ್ಲ, ಆ ಯಂತ್ರದ ಒಡೆಯರು ಮತ್ತು ಅವರ ಪಾಲುದಾರರು. ಜಾಲದ ದರಕ್ಕಿಂತ ಶೇ 5, ಕೆಲವೊಮ್ಮೆ ಶೇ 10ಕ್ಕೂ ಮೀರಿ ಹೆಚ್ಚಿರುತ್ತದೆ. ನಿಮ್ಮ ಬಳಿ ಮಾರ್ಕಪ್ ಇಲ್ಲದ ಕಾರ್ಡಿದ್ದರೂ ಇಲ್ಲಿ ಅದು ನಿಷ್ಪ್ರಯೋಜಕ. ಡಿಕ್ಲೈನ್ ಕನ್ವರ್ಷನ್ ಅಥವಾ ವಿದೌಟ್ ಕನ್ವರ್ಷನ್ ಎಂಬುದನ್ನೇ ಒತ್ತಿ. ಡಿಕ್ಲೈನ್ ಎಂಬ ಪದ ಕಂಡು ವ್ಯವಹಾರವೇ ರದ್ದಾಗುತ್ತದೆಂದು ಹೆದರುವವರಿದ್ದಾರೆ. ರದ್ದಾಗುವುದಿಲ್ಲ, ಪರಿವರ್ತನೆ ಮಾತ್ರ ಬೇಡವಾಗುತ್ತದೆ, ಹಣ ಸ್ಥಳೀಯ ಕರೆನ್ಸಿಯಲ್ಲಿ ಬರುತ್ತದೆ.

ಮೊದಲ ಲೆಕ್ಕದಲ್ಲಿ ಕಂಡಂತೆ, ಒಂದೊಂದು ಸಲಕ್ಕೂ ಬೀಳುವ ಶುಲ್ಕ ಮೊತ್ತ ಸಣ್ಣದಾದಷ್ಟೂ ಭಾರ. ಐದು ದಿನದ ನಗದು ಒಂದೇ ಬಾರಿ ತೆಗೆದು ಹಂಚಿಟ್ಟುಕೊಳ್ಳಿ. ಚೀಟಿ ಬಿಸಾಡಬೇಡಿ. ಹಣ ಬರದೆ ಖಾತೆಯಲ್ಲಿ ಕಡಿತವಾದರೆ ಭಾರತದೊಳಗಿನ ಎಟಿಎಂಗಳಿಗಿರುವ ಐದು ದಿನದ ಗಡುವು, ದಿನಕ್ಕೆ 100 ರೂ. ಪರಿಹಾರದ ನಿಯಮ ವಿದೇಶದ ವ್ಯವಹಾರಕ್ಕೆ ಅನ್ವಯವಾಗುವುದಿಲ್ಲ. ಅಂದೇ ಆ್ಯಪ್ ಅಥವಾ ಇಮೇಲಿನಲ್ಲಿ ದೂರು ಕೊಡಿ. ಎಟಿಎಂ ಸಂಖ್ಯೆ, ಸಮಯ, ಚೀಟಿಯ ಫೋಟೋ ಇದ್ದರೆ ವಿವಾದ ಬೇಗ ಬಗೆಹರಿಯುತ್ತದೆ.

ಅಂಗಡಿ, ಹೋಟೆಲು, ಬಸ್ಸು

ಅದೇ ಬಲೆ ಅಂಗಡಿಯ ಯಂತ್ರದಲ್ಲೂ ಇದೆ. ಎಷ್ಟೋ ಸಲ ಮಾರಾಟಗಾರರೇ ನಿಮ್ಮನ್ನು ಕೇಳದೆ ರೂಪಾಯಿ ಆರಿಸಿಬಿಡುತ್ತಾರೆ. ಕಾರ್ಡು ಕೊಡುವ ಮುಂಚೆಯೇ "ಲೋಕಲ್ ಕರೆನ್ಸಿ" ಎಂದು ಹೇಳಿ, ಯಂತ್ರದ ಪರದೆ ನೋಡಿ, ಆಮೇಲೆ ಪಿನ್ ಒತ್ತಿ. ರಸೀತಿಯಲ್ಲಿ ರೂಪಾಯಿ ಮೊತ್ತ ಕಂಡರೆ ಅಲ್ಲೇ ರದ್ದು ಮಾಡಿಸಿ ಮತ್ತೆ ಹೊಡೆಯಲು ಹೇಳಿ. ಅಂಗಡಿಯಿಂದ ಹೊರಬಂದ ಮೇಲೆ ಬ್ಯಾಂಕಿಗೆ ದೂರಿದರೆ ನೀವೇ ಒಪ್ಪಿದ್ದೀರಿ ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು.

ಮನೆಯಲ್ಲೇ ಕೂತು ಹೋಟೆಲ್, ವಿಮಾನ ಬುಕ್ ಮಾಡುವಾಗಲೂ ಎಚ್ಚರ ಬೇಕು. ತಾಣ ಬೆಲೆಯನ್ನು ರೂಪಾಯಿಯಲ್ಲಿ ತೋರಿಸಿದರೂ ವ್ಯಾಪಾರಿ ಹೊರದೇಶದಲ್ಲಿ ನೋಂದಾಯಿತನಾಗಿದ್ದರೆ ಹಲವು ಬ್ಯಾಂಕುಗಳು ಸುಮಾರು ಶೇ 1 ಮತ್ತು ಜಿಎಸ್‌ಟಿ ಹಾಕುತ್ತವೆ. ಆರಂಭದಲ್ಲಿ ಬರೆದುಕೊಂಡ ನಾಲ್ಕನೇ ಅಂಕಿ ಇದೇ.

ಹೋಟೆಲಿಗೆ ಹೋದಾಗ ಮುಂಗಡವೆಂದು ಕಾರ್ಡಿನಲ್ಲಿ ಒಂದು ಮೊತ್ತ ತಡೆಹಿಡಿಯುತ್ತಾರೆ. ಬಾಡಿಗೆ ಕಾರಿಗೂ ಹಾಗೆಯೇ. ಕ್ರೆಡಿಟ್ ಕಾರ್ಡಾದರೆ ಮಿತಿಯಲ್ಲಿ ಮಾತ್ರ ಕಡಿತ. ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡಾದರೆ ನಿಮ್ಮ ನಿಜವಾದ ಹಣವೇ ಕಟ್ಟಿಹಾಕಿದಂತೆ. ಕೋಣೆ ಬಿಟ್ಟ ಮೇಲೂ ಅದು ಬಿಡುಗಡೆಯಾಗಲು ಒಂದು ವಾರ, ಕೆಲವೊಮ್ಮೆ ಮೂರು ನಾಲ್ಕು ವಾರ ಹಿಡಿಯುತ್ತದೆ, ಪ್ರವಾಸವೇ ಮುಗಿದಿರುತ್ತದೆ. ಕ್ರೆಡಿಟ್ ಕಾರ್ಡೇ ಕೊಡಿ, ಇಲ್ಲದಿದ್ದರೆ ಮುಂಗಡ ನಗದಿನಲ್ಲಿ ಕೊಟ್ಟು ರಸೀತಿ ಪಡೆಯಿರಿ.

ಅಮೆರಿಕದಲ್ಲಿ ಪೆಟ್ರೋಲ್ ಪಂಪಿನ ಯಂತ್ರ ಜಿಪ್ ಕೋಡ್ ಕೇಳುತ್ತದೆ, ನಮ್ಮ ಆರಂಕಿಯ ಪಿನ್ ಕೋಡ್ ಒಪ್ಪುವುದಿಲ್ಲ. ಒಳಗೆ ಕೌಂಟರಿಗೆ ಹೋಗಿ ಪಂಪಿನ ಸಂಖ್ಯೆ ಹೇಳಿ ಪಾವತಿಸಿ. ಅಲ್ಲಿನ ಹೋಟೆಲುಗಳಲ್ಲಿ ಊಟದ ಬಿಲ್ಲಿಗೆ ಟಿಪ್ ಆಮೇಲೆ ಸೇರುವುದರಿಂದ ಮೊದಲು ಬಂದ ಸಂದೇಶಕ್ಕೂ ಕೊನೆಯ ಕಡಿತಕ್ಕೂ ವ್ಯತ್ಯಾಸ ಬರುತ್ತದೆ, ಗಾಬರಿ ಬೇಡ. ಲಂಡನ್ನಿನ ಟ್ಯೂಬ್ ರೈಲಿನಲ್ಲಿ ಹತ್ತುವಾಗ ಕಾರ್ಡು, ಇಳಿಯುವಾಗ ಫೋನು ತಾಗಿಸಿದರೆ ಎರಡು ಅಪೂರ್ಣ ಪ್ರಯಾಣವೆಂದು ಗರಿಷ್ಠ ದರ ಬೀಳುತ್ತದೆ.

ಯುಪಿಐ ಈಗ ಭೂತಾನ್, ನೇಪಾಳ, ಸಿಂಗಪುರ, ಯುಎಇ, ಶ್ರೀಲಂಕಾ, ಮಾರಿಷಸ್, ಫ್ರಾನ್ಸ್ ಮುಂತಾದೆಡೆ ಆಯ್ದ ವ್ಯಾಪಾರಿಗಳಲ್ಲಿ ನಡೆಯುತ್ತದೆ. ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಯುಪಿಐ ಎಂಬುದನ್ನು ಮೊದಲು ಚಾಲೂ ಮಾಡಬೇಕು, ಅದು ಕೆಲವು ದಿನಗಳಿಗಷ್ಟೇ ತೆರೆದಿರುತ್ತದೆ. ಪಿನ್ ಹಾಕುವ ಮುಂಚೆ ಪರದೆಯಲ್ಲಿ ದರವೂ ಶುಲ್ಕವೂ ಕಾಣುತ್ತವೆ. ಕಾರ್ಡಿಗಿಂತ ಅಗ್ಗವಾದರೆ ಮಾತ್ರ ಮುಂದುವರಿಯಿರಿ.

ಬೀದಿಯ ವಿನಿಮಯ ಅಂಗಡಿಗಳ ಬಗ್ಗೆ ಒಂದು ಮಾತು. ಬಾಲಿಯ ಗಲ್ಲಿಗಳಲ್ಲಿ ಎಲ್ಲರಿಗಿಂತ ಒಳ್ಳೆಯ ದರ ಬರೆದವರ ಬಳಿ ಕೈಚಳಕವಿರುತ್ತದೆ: ಸಣ್ಣ ನೋಟುಗಳ ಕಟ್ಟು ಎಣಿಸಿ ತೋರಿಸಿ, ಜೋಡಿಸುವ ನೆಪದಲ್ಲಿ ಕೆಲವನ್ನು ಮೇಜಿನ ಹಿಂದೆ ಜಾರಿಸುತ್ತಾರೆ. ಕೊನೆಗೆ ಎಣಿಸಿದವರು ನೀವೇ ಆಗಿರಬೇಕು, ಎಣಿಸಿದ ಮೇಲೆ ಕಟ್ಟು ಮತ್ತೆ ಅವರ ಕೈಗೆ ಹೋಗಬಾರದು.

ಕಾರ್ಡು ಕಳೆದರೆ

ಮೊದಲು ಆ್ಯಪ್‌ನಲ್ಲಿ ಕಾರ್ಡು ಮುಚ್ಚಿ, ಆಮೇಲೆ +91 ಸಂಖ್ಯೆಗೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ, ನಂತರ ಪೊಲೀಸ್ ದೂರು. ಈ ಕ್ರಮ ಬದಲಿಸಬೇಡಿ, ಠಾಣೆಯಲ್ಲಿ ಕಾಯುವ ಹೊತ್ತಿಗೆ ಟ್ಯಾಪ್ ಮಾಡಿ ಮುಗಿಸಿರುತ್ತಾರೆ. ರಿಸರ್ವ್ ಬ್ಯಾಂಕಿನ 2017ರ ನಿಯಮದಂತೆ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಆದ ಅಕ್ರಮ ಕಡಿತವನ್ನು ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಶೂನ್ಯ. ಪಿನ್ ಬರೆದ ಚೀಟಿ ಕಾರ್ಡಿನ ಜೊತೆಗೇ ಇತ್ತೆಂದರೆ, ನೀವು ತಿಳಿಸುವವರೆಗಿನ ನಷ್ಟ ಪೂರ್ತಿ ನಿಮ್ಮದೇ.

ಮರಳಿದ ಮೇಲೆ

ಅಂತರರಾಷ್ಟ್ರೀಯ ಬಳಕೆಯ ಗುಂಡಿಗಳನ್ನೆಲ್ಲ ಮತ್ತೆ ಮುಚ್ಚಿ. 5,000 ಡಾಲರ್‌ಗಿಂತ ಹೆಚ್ಚಿನ ವಿದೇಶಿ ನೋಟು ತರುತ್ತಿದ್ದರೆ ನಿಲ್ದಾಣದಲ್ಲೇ ಕಸ್ಟಮ್ಸ್‌ಗೆ ಘೋಷಿಸಬೇಕು. ಉಳಿದ ನೋಟುಗಳಲ್ಲಿ 2,000 ಡಾಲರ್ ಬೆಲೆಯವರೆಗೆ ಮುಂದಿನ ಪ್ರವಾಸಕ್ಕೆಂದು ಇಟ್ಟುಕೊಳ್ಳಬಹುದು, ಅದಕ್ಕಿಂತ ಹೆಚ್ಚಿದ್ದರೆ 180 ದಿನಗಳೊಳಗೆ ಮಾರಬೇಕು. ನಾಣ್ಯಗಳನ್ನು ಇಲ್ಲಿ ಯಾರೂ ಕೊಳ್ಳುವುದಿಲ್ಲ, ಹೊರಡುವ ದಿನ ಅಲ್ಲಿಯೇ ನೀರು, ತಿಂಡಿಗೆ ಖರ್ಚು ಮಾಡಿ. ಎರಡು ತಿಂಗಳು ಸ್ಟೇಟ್‌ಮೆಂಟ್ ಓದುತ್ತಿರಿ: ಹೋಟೆಲ್ ಮುಂಗಡ ಬಿಟ್ಟರೇ, ರದ್ದಾದ ಬುಕಿಂಗಿನ ಹಣ ಬಂತೇ. ಮರುಪಾವತಿ ಬೇರೆ ದಿನದ ದರದಲ್ಲಿ ಬರುವುದರಿಂದ ಕೆಲವು ರೂಪಾಯಿ ಕಡಿಮೆಯಾದರೆ ಅದು ತಪ್ಪಲ್ಲ. ಮಾರ್ಕಪ್ ಇಲ್ಲದ ಕಾರ್ಡಿನಲ್ಲಿ ಕಡಿತದ ಮೊತ್ತವನ್ನು ವೀಸಾ ಅಥವಾ ಮಾಸ್ಟರ್‌ಕಾರ್ಡ್ ತಾಣದ ಆ ದಿನದ ದರದೊಂದಿಗೆ ತಾಳೆ ನೋಡಿ, ಶೇ 1ಕ್ಕಿಂತ ಹೆಚ್ಚು ಅಂತರವಿದ್ದರೆ ರಸೀತಿ ಲಗತ್ತಿಸಿ ಬ್ಯಾಂಕಿಗೆ ಬರೆಯಿರಿ.